ಹಿಂಬದಿ ಎತ್ತಿಸಿದೆ, ಸ್ಟಿಯರಿಂಗ್ ಸೋಮಾರಿಯಾಯಿತು

ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಡಿಕ್ಕಿಗೆ ಅಡಿಕೆ ಚೀಲ ಹೇರಿದರೆ ನನ್ನ ಆಲ್ಟೊ ಶಿರಸಿಯ ಹಂಪುಗಳಿಗೆಲ್ಲ ಹೊಟ್ಟೆ ಉಜ್ಜುತ್ತಿತ್ತು. ಹಿಂದಿನ ಸ್ಪ್ರಿಂಗ್‌ಗಳಿಗೆ ರಬ್ಬರ್ ಬಫರ್ ತುರುಕಿಸಿದೆ. ಹಿಂಬದಿ ನಾಲ್ಕು ಸೆಂಟಿಮೀಟರ್ ಮೇಲೆದ್ದಿತು. ಆಮೇಲೆ ದೇವಿಮನೆ ಘಟ್ಟದಲ್ಲಿ ತಿರುವು ಮುಗಿದರೂ ಸ್ಟಿಯರಿಂಗ್ ತಾನಾಗಿ ನೇರವಾಗುತ್ತಿರಲಿಲ್ಲ, ನಾನೇ ಎಳೆದು ತರಬೇಕಿತ್ತು. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ದುಡ್ಡು ಹೋಯಿತು, ರೋಗ ಹೋಗಲಿಲ್ಲ. ವಿಚಿತ್ರವೆಂದರೆ, ಡಿಕ್ಕಿ ತುಂಬಿದ ದಿನ ಮಾತ್ರ ಎಲ್ಲ ಮೊದಲಿನಂತೆ ಇರುತ್ತಿತ್ತು. ಸುಳಿವು ಅಲ್ಲೇ ಇತ್ತು.

ಸೈಕಲ್ಲಿನ ಸೀಟು ಹಿಡಿದು ಮುಂದಕ್ಕೆ ತಳ್ಳಿ ನೋಡಿ. ಹ್ಯಾಂಡಲ್ ಮುಟ್ಟದಿದ್ದರೂ ಮುಂದಿನ ಚಕ್ರ ನೇರವಾಗಿ ಓಡುತ್ತದೆ. ಹಿಂದಕ್ಕೆ ಎಳೆದರೆ ಕೂಡಲೇ ಸೊಟ್ಟಗೆ ತಿರುಗುತ್ತದೆ. ಹ್ಯಾಂಡಲ್ ತಿರುಗುವ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟಯರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಟಯರ್ ಅದರ ಬೆನ್ನಿಗೆ, ಹಗ್ಗ ಹಿಡಿದ ಕರುವಿನಂತೆ ಬರುತ್ತದೆ. ಕಾರಿನಲ್ಲಿ ಈ ಗೆರೆ ಸ್ಟ್ರಟ್‌ನ (ಮುಂದಿನ ಚಕ್ರದ ಮೇಲಿನ ಸ್ಪ್ರಿಂಗ್ ಕಂಬ) ತಲೆಯಿಂದ ಕೆಳಗಿನ ಬಾಲ್ ಜಾಯಿಂಟ್ (ಗುಂಡು ಕೀಲು) ವರೆಗಿನದು. ಅದು ಹಿಂದಕ್ಕೆ ಒರಗಿರುವ ಕೋನವೇ ಕ್ಯಾಸ್ಟರ್. ಆಲ್ಟೊದ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2360 ಮಿ.ಮೀ. ಹಿಂಬದಿ 40 ಮಿ.ಮೀ. ಏರಿದರೆ ಇಡೀ ಕಾರು ಸುಮಾರು 1 ಡಿಗ್ರಿ ಮುಂದಕ್ಕೆ ಬಗ್ಗುತ್ತದೆ, ಕ್ಯಾಸ್ಟರ್ ಅಷ್ಟೇ ಕಡಿಮೆಯಾಗುತ್ತದೆ, ಸ್ಟಿಯರಿಂಗನ್ನು ನೇರಕ್ಕೆ ತರುವ ಬಲವೂ ತಗ್ಗುತ್ತದೆ. ಇಂಥ ಸಣ್ಣ ಕಾರಿಗೆ ಇರುವುದೇ ಕೆಲವೇ ಡಿಗ್ರಿ. ಡಿಕ್ಕಿ ತುಂಬಿದ ದಿನ ಹಿಂಬದಿ ಕೆಳಗಿಳಿಯುತ್ತಿತ್ತು, ಕೋನ ಮರಳಿ ಬರುತ್ತಿತ್ತು. ಅಲೈನ್‌ಮೆಂಟ್‌ನವರು ಟೈ ರಾಡ್ (ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತಿರುಗಿಸಿ ಸರಿಮಾಡುವುದು ಟೋವನ್ನು, ಅಂದರೆ ಮೇಲಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ವಾಲಿರುವುದನ್ನು. ಕ್ಯಾಸ್ಟರ್‌ಗೆ ಅಲ್ಲಿ ಮದ್ದಿಲ್ಲ.

ನಿಮಗೂ ಹೀಗಾದರೆ ಮೊದಲು ಗಾಳಿ ನೋಡಿ. ಬಳಿಕ ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಬಫರ್ ಹಾಕಿಸುವ ಆಲೋಚನೆಯಿದ್ದರೆ ಹಾಕಿಸುವ ಮೊದಲೇ ಅಳೆಯಿರಿ. ನಾನು ಅಳೆಯಲಿಲ್ಲ, ನಾಲ್ಕು ಸೆಂಟಿಮೀಟರ್ ಎಂಬುದು ತೆಗೆಸಿದ ಮೇಲೆ ಗೊತ್ತಾದದ್ದು. ಮುಂದಿನ ಟಯರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಎಳೆಯಿರಿ: ಒಂದು ಕಡೆಗೆ ನುಣುಪು, ಮರಳಿ ಎಳೆದಾಗ ಗರಗಸದಂತೆ ತರಚಿದರೆ ದೋಷ ಟೋದಲ್ಲಿ. ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ ಲೋವರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿದ ತೋಳಿನ ರಬ್ಬರ್) ಸೀಳಿದೆಯೇ ಎಂದೂ ನೋಡಿ. ಬುಷ್ ಸಡಿಲವಾದರೆ ಚಕ್ರವೇ ಹಿಂದಕ್ಕೆ ಸರಿದು ಕೋನ ಕೆಡುತ್ತದೆ. ಬರೀ ಜ್ಯಾಕ್ ನಂಬಿ ಕಾರಿನಡಿ ತೂರಬೇಡಿ, ಸ್ಟ್ಯಾಂಡ್ ಕೊಡಿ.

ಬಫರ್ ತೆಗೆಸಿದೆ. ಈಗ ದೊಡ್ಡ ಹಂಪು ಬಂದರೆ ಹಿಂದಿನ ಮೂವರಲ್ಲಿ ಒಬ್ಬರು ಇಳಿದು ನಡೆಯುತ್ತಾರೆ. ಹೆಚ್ಚಾಗಿ ನನ್ನ ಮಗ.