ತೋಟೆ ಹಿಡಿಸಿದ ಮಾತ್ರಕ್ಕೆ ಸಿಡಿಸಬೇಡಿ

ಹಳೆಯ ಬ್ರಿಟಿಷ್ ಜೋಡುನಳಿಗೆ ರೈಫಲ್ ನನ್ನ ಕೈಸೇರಿದಾಗ ಜೊತೆಗೆ ಒಂದು ಡಬ್ಬಿ ತೋಟೆಗಳೂ ಬಂದಿದ್ದವು. .500, ಅಂದರೆ ಸುಮಾರು ಅರ್ಧ ಇಂಚು ಅಗಲದ ಗುಂಡು, 3 ಇಂಚು ಉದ್ದದ ಕೇಸು (ಮದ್ದು ತುಂಬುವ ಲೋಹದ ಕೊಳವೆ). ನಳಿಗೆಯೊಳಗೆ ಸಲೀಸಾಗಿ ಇಳಿದವು, ಕೋವಿಯೂ ಸರಿಯಾಗಿ ಮುಚ್ಚಿತು. ಇನ್ನೇನು ಬೇಕು ಎನ್ನಿಸಿದ ಆ ಕ್ಷಣವೇ ಅಪಾಯದ್ದು.

ಯಾಕೆಂದರೆ ಅದೇ ಅಳತೆಯ ಕೇಸಿನಲ್ಲಿ ಎರಡು ಬೇರೆಯೇ ತೋಟೆಗಳಿವೆ. ಕರಿಮದ್ದಿನ ಕಾಲದ ಬ್ಲ್ಯಾಕ್ ಪೌಡರ್ ಎಕ್ಸ್‌ಪ್ರೆಸ್‌ನಲ್ಲಿ 340 ಅಥವಾ 440 ಗ್ರೇನ್ (ಗುಂಡು, ಮದ್ದು ತೂಗುವ ಪುಟ್ಟ ಮಾನ) ತೂಕದ ಸೀಸದ ಗುಂಡು. ನೈಟ್ರೋ ಎಕ್ಸ್‌ಪ್ರೆಸ್‌ನಲ್ಲಿ 570 ಗ್ರೇನಿನ ಲೋಹಕವಚದ ಗುಂಡು, ಅದರ ಹಿಂದೆ ಕಾರ್ಡೈಟ್ ಎಂಬ ಹೆಚ್ಚು ಬಲದ ಹೊಗೆರಹಿತ ಮದ್ದು. ಒತ್ತಡದಲ್ಲಿ ಅಜಗಜಾಂತರ. ನಡುವೆ ‘ನೈಟ್ರೋ ಫಾರ್ ಬ್ಲ್ಯಾಕ್’ ಎಂಬ ಹಗುರ ಕಾರ್ಡೈಟ್ ತೋಟೆಯೂ ಇತ್ತು. ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಕೋಣೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ.

ಮುಂಗಟ್ಟಿನ ಮರ ಬಿಚ್ಚಿ, ನಳಿಗೆ ಕಳಚಿ, ತಳದ ಸಮತಟ್ಟಾದ ಜಾಗವನ್ನು ಎಣ್ಣೆಬಟ್ಟೆಯಿಂದ ಒರೆಸಿ ಭೂತಗನ್ನಡಿ ಹಿಡಿದೆ. ನೈಟ್ರೋಗೆ ಪರೀಕ್ಷೆಯಾದ ಕೋವಿಯಲ್ಲಿ ಅದರ ಮುದ್ರೆ ಇರುತ್ತದೆ, ಎಷ್ಟೋ ಸಲ ಕಾರ್ಡೈಟಿನ ಮತ್ತು ಗುಂಡಿನ ಗರಿಷ್ಠ ತೂಕವೂ ಕೆತ್ತಿರುತ್ತದೆ. ನನ್ನದರಲ್ಲಿ ಅದ್ಯಾವುದೂ ಇರಲಿಲ್ಲ. ಡಬ್ಬಿಯಲ್ಲಿದ್ದದ್ದು ನೈಟ್ರೋ ತೋಟೆ! ಆ ಡಬ್ಬಿಯನ್ನು ಅಂದೇ ಪರವಾನಗಿ ಇರುವ ವ್ಯಾಪಾರಿಗೆ ಒಪ್ಪಿಸಿದೆ.

ನಂತರ ಅನುಭವಿ ಬಂದೂಕು ಕೆಲಸಗಾರರ ಬಳಿ ಕೂತು ಕೀಲು ಸಡಿಲವಾಗಿದೆಯೇ, ನಳಿಗೆಯಲ್ಲಿ ಉಬ್ಬು, ತುಕ್ಕಿನ ಗುಳಿ ಇವೆಯೇ ಎಂದು ನೋಡಿಸಿದೆ. ಮೆತ್ತನೆಯ ಸೀಸದ ತುಂಡನ್ನು ಎರಡೂ ನಳಿಗೆಗಳಲ್ಲಿ ತಳ್ಳಿ, ಹೊರಬಂದದ್ದನ್ನು ಮೈಕ್ರೋಮೀಟರಿನಲ್ಲಿ ಅಳೆದೆವು. ಕೋಣೆಗೆ ಸೆರೋಸೇಫ್ ಎಂಬ, ಕಡಿಮೆ ಶಾಖಕ್ಕೇ ಕರಗುವ ಮಿಶ್ರಲೋಹದ ಎರಕ ಹೊಯ್ದು ಅಚ್ಚು ತೆಗೆದೆವು. ಅದು ಮೊದಲು ಕುಗ್ಗಿ ಆಮೇಲೆ ಹಿಗ್ಗುವ ಲೋಹ, ಆದ್ದರಿಂದ ಸುಮಾರು ಒಂದು ಗಂಟೆ ಕಾದು ಅಳೆಯಬೇಕು. ಅವಸರ ಮಾಡಿದರೆ ಅಳತೆ ಸುಳ್ಳಾಗುತ್ತದೆ. ತೆಳು ಗೋಡೆಯ ಈ ನಳಿಗೆಗಳಿಗೆ ಗಟ್ಟಿ ತಾಮ್ರದ ಗುಂಡು ಬೇಡವೇ ಬೇಡ ಎಂದು ಆಗಲೇ ತೀರ್ಮಾನಿಸಿದೆ.

ನಾನು ಕರಿಮದ್ದನ್ನೇ ಆರಿಸಿಕೊಂಡೆ. ಕರಿಮದ್ದಿನ ಜಾಗಕ್ಕೆ ಅದೇ ಅಳತೆಯ ಹೊಗೆರಹಿತ ಮದ್ದು ಸುರಿದರೆ ಕೋವಿ ಒಡೆಯುತ್ತದೆ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕರಿಮದ್ದಿಗೂ ಒಂದು ನಿಯಮವಿದೆ: ಗುಂಡಿಗೂ ಮದ್ದಿಗೂ ನಡುವೆ ಖಾಲಿ ಜಾಗ ಉಳಿಯಬಾರದು.

ಮೊದಲ ತೋಟೆಗಳನ್ನು ಭುಜಕ್ಕಿಟ್ಟು ಹೊಡೆಯಲಿಲ್ಲ. ಕೋವಿಯನ್ನು ಭದ್ರವಾಗಿ ಕಟ್ಟಿ, ಮರೆಯಲ್ಲಿ ನಿಂತು ದಾರ ಎಳೆದೆವು. ಪ್ರತಿ ಸಲವೂ ಕೇಸು ತೆಗೆದು ನೋಡಿದೆವು.

ಆಮೇಲೆ 50 ಗಜದಲ್ಲಿ ಗುರಿಹಲಗೆ. 440 ಗ್ರೇನಿನ ಗುಂಡಿನಲ್ಲಿ ಬಲನಳಿಗೆಯ ಏಟು ಬಲಕ್ಕೆ, ಎಡದ್ದು ಎಡಕ್ಕೆ, ಒಂದು ಗೇಣು ದೂರ ದೂರ. ನಳಿಗೆಗಳನ್ನು ಬೆಸೆದವರು ಒಂದೇ ನಿರ್ದಿಷ್ಟ ವೇಗಕ್ಕೆ ಹೊಂದಿಸಿರುತ್ತಾರೆ. ಗುಂಡು ನಿಧಾನವಾದರೆ ಅದು ಬಾಯಿ ದಾಟುವಷ್ಟರಲ್ಲಿ ಒದೆತಕ್ಕೆ ಕೋವಿ ಹೆಚ್ಚು ತಿರುಗಿ ಏಟುಗಳು ಅಗಲುತ್ತವೆ, ವೇಗ ಮಿತಿಮೀರಿದರೆ ಒಂದನ್ನೊಂದು ದಾಟುತ್ತವೆ. ಮದ್ದು ಹೆಚ್ಚಿಸುವ ಆಸೆಗೆ ಬೀಳದೆ, ಹಗುರವಾದ್ದರಿಂದ ಹೆಚ್ಚು ವೇಗವಾಗಿ ಹೋಗುವ 340ರ ಗುಂಡಿಗೆ ಇಳಿದೆ. ಎರಡು ತೂತುಗಳೂ ಅಕ್ಕಪಕ್ಕಕ್ಕೆ ಬಂದವು, ನನ್ನ ಅಂಗೈ ಮುಚ್ಚುವಷ್ಟರಲ್ಲಿ.

ಕೋವಿಯ ಪೆಟ್ಟಿಗೆಯ ಮುಚ್ಚಳದೊಳಗೆ ಒಂದು ಚೀಟಿ ಅಂಟಿಸಿದ್ದೇನೆ, ನನ್ನ ನಂತರ ತೆರೆಯುವವರಿಗಾಗಿ: ‘ಕರಿಮದ್ದು ಮಾತ್ರ. ಸೀಸದ ಗುಂಡು, 340 ಗ್ರೇನ್.’