ರೋಬೋ ಇಲ್ಲದ ಪೈಲೊಪ್ಲಾಸ್ಟಿ: ಮುಲುಂಡ್‌ನಲ್ಲಿ ನನ್ನ ಅನುಭವ

ಕಿಡ್ನಿಯ ಪೆಲ್ವಿಸ್ (ಮೂತ್ರ ಕೂಡುವ ಚೀಲ) ಯುರೇಟರ್‌ಗೆ (ಮೂತ್ರನಾಳ) ಸೇರುವ ಜಾಗವೇ ಪಿಯುಜೆ; ಅಲ್ಲಿ ಅಡಚಣೆಯಾದರೆ ಆ ತುಂಡನ್ನು ತೆಗೆದು ಮತ್ತೆ ಹೊಲಿಯುವುದೇ ಪೈಲೊಪ್ಲಾಸ್ಟಿ. ನಾನು ಅದನ್ನು ಸಣ್ಣ ತೂತುಗಳ ಮೂಲಕ, ಲ್ಯಾಪರೋಸ್ಕೋಪಿಯಲ್ಲಿ ಮಾಡುತ್ತೇನೆ. 'ರೋಬೋ ಇಲ್ಲದೆ ಪಿಯುಜೆ ಹೊಲಿಯೋಕೆ ಹೋಗಬೇಡಿ, ಲೀಕ್ ಆಗುತ್ತೆ' ಎಂದವರೇ ಈಗ ಕೇಸ್ ಕಳಿಸುತ್ತಿದ್ದಾರೆ. ಮುಂಬೈನ ಮುಲುಂಡ್‌ನ ನಮ್ಮ ಸಣ್ಣ ನರ್ಸಿಂಗ್ ಹೋಮ್‌ಗೆ ಬರುವವರಲ್ಲಿ ಕುಂದಾಪುರ ಕಡೆಯ ಹೋಟೆಲ್ ಹುಡುಗರೇ ಜಾಸ್ತಿ. ರೋಬೋ ಎಂದರೆ ಬಿಲ್ಲಿಗೆ ಇನ್ನೊಂದು ಲಕ್ಷವಾದರೂ ಸೇರುತ್ತದೆ; ಪಕ್ಕೆ ಕೊಯ್ದರೆ ತಿಂಗಳುಗಟ್ಟಲೆ ಗ್ರೈಂಡರ್ ಮುಟ್ಟುವ ಹಾಗಿಲ್ಲ.

10 ಎಂಎಂ ಕ್ಯಾಮೆರಾ, ಎರಡು 5 ಎಂಎಂ ಪೋರ್ಟ್ (ಉಪಕರಣ ತೂರಿಸುವ ತೂತು), ಬಲಗಡೆಯಾದರೆ ಲಿವರ್ ಎತ್ತಲು ಇನ್ನೊಂದು. ದುಡ್ಡು ಸುರಿದದ್ದು ನೀಡಲ್ ಹೋಲ್ಡರ್‌ಗೆ ಮಾತ್ರ, ಹತ್ತಿರಹತ್ತಿರ 80 ಸಾವಿರ. ಅಗ್ಗದ್ದರಲ್ಲಿ 5-0 ವೈಕ್ರಿಲ್‌ನ (ತಾನೇ ಕರಗುವ ತೆಳು ದಾರ) ಸೂಜಿ ಹಿಡಿದಲ್ಲೇ ತಿರುಗುತ್ತದೆ.

ಶುರುವಿನಲ್ಲಿ ಐದು ಗಂಟೆ ಹಿಡಿದದ್ದುಂಟು. ಪಿಯುಜೆಯನ್ನು ಪೂರ್ತಿ ಕತ್ತರಿಸಿಬಿಟ್ಟರೆ ಯುರೇಟರ್ ಹೊರಳಿ, ತಿರುಚಿದಂತೆಯೇ ಹೊಲಿಗೆಗೆ ಬೀಳುತ್ತದೆ. ಈಗ ಕೆಟ್ಟ ತುಂಡನ್ನು ಯುರೇಟರ್‌ಗೇ ಬಿಟ್ಟು ಹಿಡಿಕೆ ಮಾಡಿಕೊಳ್ಳುತ್ತೇನೆ. ಹೊರಬದಿಯಲ್ಲಿ ಒಂದೂವರೆ-ಎರಡು ಸೆಂಟಿಮೀಟರ್ ಸೀಳು. ಸೀಳಿನ ತುದಿಗೂ ಪೆಲ್ವಿಸ್‌ನ ತೀರ ಕೆಳಗಿನ ಬಿಂದುವಿಗೂ ಮೊದಲ ಹೊಲಿಗೆ. ಹಿಂಗೋಡೆ ಮುಗಿದ ಮೇಲೆ ಸ್ಟೆಂಟ್ (ಕಿಡ್ನಿಯಿಂದ ಬ್ಲಾಡರ್‌ವರೆಗಿನ ಒಳಕೊಳವೆ), ಆಮೇಲೆ ಮುಂಗೋಡೆ. ಹಿಡಿಕೆಯನ್ನು ಯಾವ ಹೊಲಿಗೆಯಾದ ಮೇಲೆ ಕತ್ತರಿಸುತ್ತೇನೆ ಎಂಬುದನ್ನು ಓಟಿಗೆ ಬಂದವರಿಗಷ್ಟೇ ತೋರಿಸುತ್ತೇನೆ.

ನಿಜವಾಗಿ ಕಾಡಿದ್ದು ಈ ಸ್ಟೆಂಟೇ, ಎರಡೂ ತುದಿ ಸುರುಳಿಯಾಗಿರುವ ಡಿಜೆ ಸ್ಟೆಂಟ್. ಒಂದು ಕೇಸ್‌ನಲ್ಲಿ ಕೆಳತುದಿ ಬ್ಲಾಡರ್ ತಲುಪದೆ ಯುರೇಟರ್‌ನಲ್ಲೇ ಉಳಿಯಿತು. ಡ್ರೇನ್ ಕೊಳವೆಯಿಂದ ಮೂತ್ರ ಬರುವುದು ವಾರವಾದರೂ ನಿಲ್ಲಲಿಲ್ಲ. ಯುರೆಟೆರೊಸ್ಕೋಪಿ (ಯುರೇಟರ್‌ನೊಳಗೆ ದುರ್ಬೀನು) ಮಾಡಿ ಬದಲಿಸಬೇಕಾಯಿತು, ಆ ಖರ್ಚು ನನ್ನದೇ. ಈಗ ಫೋಲಿಯಿಂದ (ಬ್ಲಾಡರ್‌ಗೆ ಹಾಕಿದ ಕ್ಯಾಥೆಟರ್) 200 ಎಂಎಲ್‌ನಷ್ಟು ಮೆಥಿಲೀನ್ ಬ್ಲೂ ಬೆರೆಸಿದ ಸಲೈನ್ ತುಂಬಿಸಿ ಕ್ಲ್ಯಾಂಪ್ ಹಾಕಿಸುತ್ತೇನೆ. ಸ್ಟೆಂಟ್‌ನಿಂದ ಮೇಲಕ್ಕೆ ನೀಲಿ ಬಂದರಷ್ಟೇ ಮುಂದಿನ ಹೊಲಿಗೆ. ಆಮೇಲೆ ಕ್ಲ್ಯಾಂಪ್ ಬಿಚ್ಚಲು ಮರೆತರೆ, ಅಥವಾ ರಾತ್ರಿ ಫೋಲಿ ಕಟ್ಟಿಕೊಂಡರೆ, ಮೂತ್ರ ಅದೇ ದಾರಿಯಲ್ಲಿ ಮೇಲೇರಿ ಹೊಸ ಹೊಲಿಗೆಯಲ್ಲಿ ಸೋರುತ್ತದೆ.

ನಡುವೆ ಲೇಸರ್ ಎಂಡೊಪೈಲೊಟಮಿಯನ್ನೂ (ಪಿಯುಜೆಯನ್ನು ಒಳಗಿನಿಂದ ಲೇಸರ್‌ನಲ್ಲಿ ಸೀಳುವುದು) ಮಾಡಿ ನೋಡಿದೆ. ಬೇಗ ಮುಗಿಯುತ್ತದೆ, ಸಸ್ತಾ ಕೂಡ. ಆದರೆ ಕಿಡ್ನಿಯ ಕೆಳತುದಿಗೆ (ಕೆಳಪೋಲ್) ಹೋಗುವ ರಕ್ತನಾಳ ಅಡ್ಡ ಹಾದಿದ್ದರೆ ರಕ್ತಸ್ರಾವದ ಭಯ, ಅಡಚಣೆಯೂ ಮರುಕಳಿಸುತ್ತದೆ. ಆ ನಾಳಕ್ಕೆ ಕ್ಲಿಪ್ ಹಾಕಿದರೆ ಕಿಡ್ನಿಯ ಅಷ್ಟು ಭಾಗ ಸತ್ತಂತೆ. ಯುರೇಟರನ್ನು ಅದರ ಮುಂದೆ ತಂದು ಹೊಲಿಯಬೇಕು. ಎಡಗಡೆ, ತೆಳ್ಳಗಿನ ಹುಡುಗರಲ್ಲಿ ಕೋಲನ್ (ದೊಡ್ಡ ಕರುಳು) ಇಳಿಸದೆ ಅದನ್ನು ಹಿಡಿದ ಪೊರೆಯಾದ ಮೆಸೊಕೋಲನ್‌ನಲ್ಲೇ ಕಿಂಡಿ ಮಾಡಿದರೆ ಅರ್ಧ ಗಂಟೆ ಉಳಿತಾಯ. ಈಗ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ.

ಸ್ಟೆಂಟ್ ತೆಗೆಯುವುದು ಆರು ವಾರಕ್ಕೆ. ಆ ಖರ್ಚನ್ನು ಮೊದಲ ಬಿಲ್ಲಿಗೇ ಸೇರಿಸಿದ್ದೇನೆ. ಮತ್ತೆ ದುಡ್ಡು ಕೊಡಬೇಕೆಂದರೆ ಊರಿಗೆ ಹೋದವರು ವರ್ಷ ಬಿಟ್ಟು, ಸ್ಟೆಂಟ್ ಮೇಲೆ ಕಲ್ಲು ಕಟ್ಟಿಸಿಕೊಂಡು ಬರುತ್ತಾರೆ.