ಅವ್ವನ ಸೀರೆಗೆ ಬೀಗ ಹಾಕಬೇಡಿ

ಮನೆಯ ಹಿರಿಯ ಜೀವವೊಂದು ಹೋಗಿ, ದಿನಕರ್ಮಗಳು ಮುಗಿದು, ಬಂದ ನೆಂಟರೆಲ್ಲ ತಮ್ಮ ತಮ್ಮ ಊರಿಗೆ ಮರಳಿದ ಮೇಲೆ ಆ ಮನೆಯ ಹೆಣ್ಣುಮಕ್ಕಳ ಮುಂದೆ ಒಂದು ಟ್ರಂಕು ಉಳಿದುಬಿಡುತ್ತದೆ. ಅದರೊಳಗಿನ ಸೀರೆ, ಕುಪ್ಪಸ, ಧೋತರ, ರುಮಾಲುಗಳನ್ನು ಏನು ಮಾಡಬೇಕೆಂದು ತೋಚದೆ, ಮುಟ್ಟಿದರೆ ಕಣ್ಣೀರು ಬರುತ್ತದೆಂಬ ಕಾರಣಕ್ಕೆ ಹಾಗೆಯೇ ಬೀಗ ಹಾಕಿ ಅಟ್ಟಕ್ಕೇರಿಸುವ ಮನೆಗಳೇ ಹೆಚ್ಚು. ಹತ್ತು ವರ್ಷದ ನಂತರ ಬೀಗ ತೆಗೆದಾಗ ಮಡಿಕೆ ಮಡಿಕೆಗೂ ಬಿರಿದ ರೇಷ್ಮೆ, ಟ್ರಂಕಿನ ತುಕ್ಕು ಹತ್ತಿದ ನೂಲು, ಹುಳು ಕೊರೆದ ಸೆರಗು ಕೈಗೆ ಬರುತ್ತವೆ. ಕೊಪ್ಪಳ ಸೀಮೆಯ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದು 50 ವರ್ಷ ದಾಟಿದ ನಾನು ನಮ್ಮ ಅತ್ತೆಯವರ ಟ್ರಂಕನ್ನು ಒಂದು ವರ್ಷವೂ ಮುಚ್ಚಿಡಲಿಲ್ಲ. ಅದರಿಂದ ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿಯುವ ಕೌದಿಗಳು ನಾಲ್ಕಾದವು, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆಗಳು ಎರಡಾದವು, ಮೂರು ಸೀರೆಗಳು ಇಂದಿಗೂ ಉಡಲು ಯೋಗ್ಯವಾಗಿವೆ. ಅದನ್ನು ಹೇಗೆ ಮಾಡಬೇಕೆಂಬುದನ್ನು ನನ್ನ ಮೊಮ್ಮಗಳ ವಯಸ್ಸಿನವರಿಗೆ ಹೇಳಿಕೊಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಟ್ಟೆಗಳನ್ನು ಬಿಡಿಸಿ, ಮಾಳಿಗೆಯ ಮೇಲೆ ಎಳೆಬಿಸಿಲಿಗೆ ಒಂದು ಗಂಟೆ ಹರವಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಬೇಕು. ನೂಲು ಗಟ್ಟಿಯಾಗಿದ್ದು ಬೆಳಕು ಸಮನಾಗಿ ತೂರಿ ಬಂದರೆ ಅದು ಇನ್ನೂ ಉಡುವ ಸೀರೆ, ಅದನ್ನು ಕತ್ತರಿಸುವುದು ಪಾಪ. ಅಲ್ಲಲ್ಲಿ ಜಾಳುಜಾಳಾಗಿ ಕಂಡರೆ ಅದನ್ನು ಕೌದಿಗೆ ಎತ್ತಿಡಬಹುದು. ಕಸೂತಿ ಹಾಕಿದ ಸೀರೆ ಸಿಕ್ಕರೆ, ಅದು ಎಷ್ಟೇ ಜೀರ್ಣವಾಗಿದ್ದರೂ ಕಸೂತಿಯ ಭಾಗವನ್ನು ಬೇರೆ ತೆಗೆದಿಡಿ. ಗಂಟಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕೂ ಹೊಲಿಗೆಗಳನ್ನು ಎಳೆ ಎಣಿಸಿ, ಗಂಟು ಕಾಣದಂತೆ ಹಾಕುವ ಕೈಗಳು ಈಗ ಊರಿಗೆ ಒಂದೆರಡು ಸಿಕ್ಕರೆ ಹೆಚ್ಚು. ಆ ತುಂಡನ್ನು ಹೊಸ ಕುಪ್ಪಸದ ಬೆನ್ನಿಗೋ ಮಗುವಿನ ಕುಂಚಿಗೆಗೋ ಹಚ್ಚಿದರೆ ಇನ್ನೊಂದು ತಲೆಮಾರು ಬಾಳುತ್ತದೆ.

ಉಡಲು ಇಟ್ಟುಕೊಳ್ಳುವ ಸೀರೆಯ ಆರೈಕೆಗೆ ಹೆಚ್ಚೇನೂ ಬೇಕಾಗಿಲ್ಲ. ಇಳಕಲ್ ಸೀರೆಯ ಮೈ ನೂಲಿನದು, ಸೆರಗು ರೇಷ್ಮೆಯದು, ಇವೆರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆದ್ದರಿಂದ ಮೈಗೆ ಸಲ್ಲುವ ಬಿಸಿನೀರು ಮತ್ತು ಉಜ್ಜುವಿಕೆ ಸೆರಗಿಗೆ ಸಲ್ಲುವುದಿಲ್ಲ. ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದ ನೊರೆನೀರಿನಲ್ಲಿ ಅದ್ದಿ ತೆಗೆದು, ಹಿಂಡದೆ ನೆರಳಿನಲ್ಲಿ ಹರವಿದರೆ ಸಾಕು. ವರ್ಷಕ್ಕೆ ಮೂರು ನಾಲ್ಕು ಬಾರಿ ಹಳೆಯ ಮಡಿಕೆ ಬಿಡಿಸಿ ಬೇರೆ ಗೆರೆಯಲ್ಲಿ ಮಡಚಬೇಕು, ಏಕೆಂದರೆ ಒಂದೇ ಗೆರೆಯಲ್ಲಿ ಬಹುಕಾಲ ಕುಳಿತ ರೇಷ್ಮೆಯೂ ಜರಿಯೂ ಅಲ್ಲಿಯೇ ಮುರಿಯುತ್ತವೆ. ಟ್ರಂಕಿನ ತಗಡು ಬಟ್ಟೆಗೆ ನೇರವಾಗಿ ತಗುಲದಂತೆ ಒಳಗೆ ಬಿಳಿಯ ಹಳೆಯ ಧೋತರವನ್ನು ಹಾಸಿ, ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ ಮತ್ತು ಐದಾರು ಲವಂಗವನ್ನು ತೆಳುಬಟ್ಟೆಯಲ್ಲಿ ಕಟ್ಟಿ ಮೂಲೆಗಿಟ್ಟರೆ ಹುಳುಗಳ ಕಾಟ ಕಡಿಮೆಯಾಗುತ್ತದೆ. ವಾಸನೆ ಹೋದಾಗ ಗಂಟು ಬದಲಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಇಡಬೇಡಿ, ಒಳಗಿನ ತೇವ ಹೊರಬರಲಾಗದೆ ಬೂಸು ಹಿಡಿಯುತ್ತದೆ.

ಇನ್ನು ಕೌದಿಯ ವಿಷಯ. ನಮ್ಮ ಅತ್ತೆಯವರು ಉಡುತ್ತಿದ್ದುದು 18 ಮೊಳದ ಸೀರೆ. 18 ಮೊಳವೆಂದರೆ ಒಂಬತ್ತು ಗಜ, ಅಂದರೆ 27 ಅಡಿ. ಅದನ್ನು ಉದ್ದಕ್ಕೆ ನಾಲ್ಕು ಪದರವಾಗಿ ಮಡಚಿದರೆ ಪ್ರತಿ ಪದರವೂ ಆರೂಮುಕ್ಕಾಲು ಅಡಿ ಬರುತ್ತದೆ, ಸೀರೆಯ ಪನ್ನವೇ ಕೌದಿಯ ಅಗಲವಾಗುತ್ತದೆ. ಹೀಗೆ ಒಬ್ಬ ತಾಯಿಯ ಒಂದೇ ಸೀರೆಯಿಂದ ಒಬ್ಬರು ಮಲಗುವ ಕೌದಿಯ ಒಡಲು ಆಗಿಬಿಡುತ್ತದೆ. ಅದರ ಮೇಲೆ ಹಚ್ಚುವ ಚೂರುಗಳು ಮಾತ್ರ ಮನೆಯವರೆಲ್ಲರ ಬಟ್ಟೆಯಿಂದ ಬರಬೇಕು: ಅಜ್ಜನ ರುಮಾಲು, ಮಗಳ ಲಂಗ, ಸೊಸೆಯ ಖಣದ ಕುಪ್ಪಸ, ಶಾಲೆಗೆ ಹೋಗುವ ಹುಡುಗನ ಅಂಗಿ. ಈಚೆಗೆ ಅಂಗಡಿಯಲ್ಲಿ ಹೊಸ ಬಟ್ಟೆ ಕೊಂಡು ಅಂದವಾಗಿ ಕತ್ತರಿಸಿ ಕೌದಿ ಹೊಲಿಸುವವರನ್ನು ಕಂಡಿದ್ದೇನೆ. ನೋಡಲು ಅವು ಚೆನ್ನಾಗಿಯೇ ಇರುತ್ತವೆ, ಆದರೆ ಹೊಸ ಬಟ್ಟೆಯ ಗಂಜಿಯ ಬಿರುಸು ಹೋಗುವವರೆಗೂ ಅವು ಮೈಗೆ ಹೊಂದುವುದಿಲ್ಲ, ಮೊದಲ ಒಗೆತಕ್ಕೇ ಒಂದೊಂದು ಚೂರು ಒಂದೊಂದು ರೀತಿ ಕುಗ್ಗಿ ಕೌದಿ ಸುಕ್ಕುಗಟ್ಟುತ್ತದೆ. ನೂರು ಬಾರಿ ನೀರು ಕಂಡ ಹಳೆಯ ಬಟ್ಟೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ.

ಕೌದಿಗೆ ಬಟ್ಟೆ ಆರಿಸುವಾಗ ಪೂರ್ತಿ ನೂಲಿನದನ್ನೇ ಆರಿಸಬೇಕು. ಪಾಲಿಯೆಸ್ಟರ್ ಮತ್ತು ನೈಲಾನ್ ಬೆವರನ್ನು ಹೀರುವುದಿಲ್ಲ. ರಾಯಚೂರು, ಬಳ್ಳಾರಿಗಳ ಬೇಸಿಗೆ 40 ಡಿಗ್ರಿ ದಾಟುವಾಗ ಅಂಥ ಕೌದಿಯ ಮೇಲೆ ಮಲಗಿದವರ ಬೆನ್ನು ಬೆಂದುಹೋಗುತ್ತದೆ, ಕಿಡಿಯೊಂದು ಸಿಡಿದರೆ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳು ಬಹಳವಿರುವುದರಿಂದ ಅಲ್ಲಿಯ ನೆಂಟರು ಒಮ್ಮೆ ನನಗೆ ಒಂದು ಚೀಲ ಜೀನ್ಸ್ ಚೂರುಗಳನ್ನು ತಂದುಕೊಟ್ಟರು. ಬಟ್ಟೆ ಗಟ್ಟಿ, ಬಣ್ಣವೂ ಸೊಗಸು. ಆದರೆ ಎರಡು ಪದರ ಕೂಡುವಲ್ಲಿ ಸೂಜಿ ಇಳಿಯದೆ ಮುರಿಯಿತು, ಪಕ್ಕದ ಮೆತ್ತನೆಯ ಸೀರೆಯನ್ನು ಆ ಬಿರುಸು ಬಟ್ಟೆ ಎಳೆದು ಹರಿಯತೊಡಗಿತು. ಅವನ್ನೆಲ್ಲ ಬಿಚ್ಚಿ ಕಾಲೊರಸು ಮತ್ತು ಸಂತೆಚೀಲಗಳನ್ನು ಮಾಡಿದೆ, ಅದಕ್ಕೆ ಜೀನ್ಸಿಗಿಂತ ಒಳ್ಳೆಯ ಬಟ್ಟೆ ಇಲ್ಲ.

ಬಣ್ಣ ಬಿಡುವುದನ್ನು ಪರೀಕ್ಷಿಸದೆ ಯಾವ ಚೂರನ್ನೂ ಹಚ್ಚಬೇಡಿ. ಬಿಳಿಯ ಬಟ್ಟೆಯ ತುದಿಯನ್ನು ಒದ್ದೆ ಮಾಡಿ, ಚೂರಿನ ಮೇಲಿಟ್ಟು ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಗೊತ್ತಾಗುತ್ತದೆ. ನನ್ನ ಮೊದಲ ಮಗನಿಗೆ ಹೊಲಿದ ಪುಟ್ಟ ಕೌದಿಗೆ ನಾನು ಈ ಪರೀಕ್ಷೆ ಮಾಡದೆ ಕೆಂಪು ಸೆರಗಿನ ಚೂರೊಂದನ್ನು ನಡುವೆ ಹಚ್ಚಿದ್ದೆ. ಮೊದಲ ಒಗೆತಕ್ಕೆ ಮಾವನವರ ಬಿಳಿಯ ಧೋತರದ ಭಾಗವೆಲ್ಲ ಕೆಂಪಡರಿತು. ಅತ್ತೆಯವರು ಬೈಯಲಿಲ್ಲ, ಆ ಚೂರನ್ನು ಬಿಚ್ಚಿಸಿ, ಅದೇ ಜಾಗಕ್ಕೆ ತಮ್ಮ ಗಂಟಿನಿಂದ ಒಂದು ಕರಿಯ ಚೂರನ್ನು ತೆಗೆದುಕೊಟ್ಟರು. ಅದು ಅವರ ತಾಯಿಯ ಚಂದ್ರಕಾಳಿ ಸೀರೆಯದು. ಅತ್ತೆಯವರ ತವರೂರು ತುಂಗಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲೊಂದು. 1953ರಲ್ಲಿ ನೀರು ನಿಂತಾಗ ಮನೆ, ಕಣ, ಬಾವಿ, ಗುಡಿಯ ಕಟ್ಟೆ ಎಲ್ಲವನ್ನೂ ಬಿಟ್ಟು ಚಕ್ಕಡಿಯಲ್ಲಿ ಹಾಸಿಗೆ, ಪಾತ್ರೆ, ಕಾಳು ಹೇರಿಕೊಂಡು ಹೊರಟವರು ಅವರ ತಂದೆ ತಾಯಿ. ಮದುವೆಯಾಗಿ ಆರು ವರ್ಷವಾಗಿದ್ದರೂ ನಾನು ಆ ದಿನದವರೆಗೆ ಈ ಮಾತನ್ನು ಕೇಳಿರಲಿಲ್ಲ. ಕೌದಿಯ ಎರಡು ತುದಿಗೆ ನಾವಿಬ್ಬರೂ ಕುಳಿತು ಸೂಜಿ ಎಳೆಯುತ್ತಿದ್ದಾಗ, ಮುಖ ನೋಡಿಕೊಳ್ಳುವ ಅಗತ್ಯವಿಲ್ಲದಿದ್ದುದರಿಂದಲೋ ಏನೋ, ಅವರು ತಮ್ಮ ಊರಿನ ಓಣಿ ಓಣಿಯನ್ನೂ ಹೇಳುತ್ತ ಹೋದರು. ಮೂರು ಮಧ್ಯಾಹ್ನಗಳಾದರೂ ಆ ಊರು ಮುಗಿಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಹೊಲಿದ ಪ್ರತಿ ಕೌದಿಯ ನಡುವೆಯೂ ಆ ಚಂದ್ರಕಾಳಿಯ ಬೆರಳಗಲದ ಒಂದು ಚೂರು ಇರುತ್ತದೆ. ಈಗ ಅಂಗೈಯಷ್ಟು ಮಾತ್ರ ಉಳಿದಿದೆ.

ಹಾಗಾಗಿ ಕೌದಿಯನ್ನು ಒಬ್ಬರೇ ಕುಳಿತು ಹೊಲಿಯಬೇಡಿ ಎಂಬುದು ನನ್ನ ಮುಖ್ಯವಾದ ಸಲಹೆ. ಸುಗ್ಗಿ ಮುಗಿದು ಮಳೆ ಹಿಡಿಯುವುದಕ್ಕೆ ಮೊದಲಿನ ಬೇಸಿಗೆಯ ಮಧ್ಯಾಹ್ನಗಳು ಇದಕ್ಕೆ ಒಳ್ಳೆಯ ಹೊತ್ತು, ಮಕ್ಕಳಿಗೂ ಆಗ ಶಾಲೆಗೆ ರಜೆ. ಪಡಸಾಲೆಯನ್ನು ಗುಡಿಸಿ ಒರೆಸಿ, ಒಡಲಿನ ಪದರಗಳನ್ನು ಒಂದು ಸುಕ್ಕೂ ಇಲ್ಲದಂತೆ ಹಾಸಿ, ನಾಲ್ಕು ಮೂಲೆಗೆ ಭಾರದ ಕಲ್ಲಿಟ್ಟು, ಮೊದಲು ಗೇಣಿಗೊಂದರಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಬೇಕು. ನಂತರ ಅಂಚಿನಿಂದ ಆರಂಭಿಸಿ ಸುತ್ತು ಬರುತ್ತ ನಡುವಿಗೆ ಸಾಗಬೇಕು, ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರವಿದ್ದರೆ ಕೌದಿ ಗಟ್ಟಿಯಾಗಿಯೂ ಮೆತ್ತಗಾಗಿಯೂ ಇರುತ್ತದೆ. ಸಾಲುಗಳು ತೀರ ಹತ್ತಿರವಾದರೆ ಹಲಗೆಯಂತಾಗುತ್ತದೆ, ದೂರವಾದರೆ ಒಳಪದರ ಸರಿದು ಗಂಟುಕಟ್ಟುತ್ತದೆ. ದಾರವನ್ನು ಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕುಗಟ್ಟುವುದಿಲ್ಲ. ಮಕ್ಕಳ ಹೊಲಿಗೆ ಅಂಕುಡೊಂಕಾಗುತ್ತದೆಂದು ಅವರ ಕೈಯಿಂದ ಸೂಜಿ ಕಿತ್ತುಕೊಳ್ಳಬೇಡಿ. ಎಂಟು ವರ್ಷದ ನನ್ನ ಮೊಮ್ಮಗಳು ಹಾಕಿದ ಸಾಲೊಂದು ನಮ್ಮ ದೊಡ್ಡ ಕೌದಿಯಲ್ಲಿ ಹಾವಿನಂತೆ ಹರಿದಿದೆ, ಈಗ 26 ವರ್ಷದವಳಾದ ಆಕೆ ಊರಿಗೆ ಬಂದಾಗಲೆಲ್ಲ ಮೊದಲು ಅದನ್ನು ಹುಡುಕುತ್ತಾಳೆ.

ಕೊನೆಯ ಸುತ್ತು ಮುಗಿಯುವ ಮುನ್ನ ಕೌದಿಯ ಹೊಟ್ಟೆ ತುಂಬಿಸುವ ಪದ್ಧತಿ ನಮ್ಮ ಮನೆಯಲ್ಲಿದೆ. ಹೊಲಿಯದೆ ಉಳಿಸಿದ ಸಣ್ಣ ಬಾಯಿಯೊಳಗೆ ಅತ್ತೆಯವರು ಹೋಳಿಗೆಯ ಚೂರನ್ನೋ ನಾಲ್ಕು ಕಾಳು ಜೋಳವನ್ನೋ ಇಟ್ಟು, "ಕೌದಿ ಹೊಟ್ಟಿ ಹಸೀಬಾರ್ದವಾ, ಹೊದ್ದವರ ಹೊಟ್ಟೀನೂ ಹಸೀಬಾರ್ದು" ಎನ್ನುತ್ತಿದ್ದರು. ತಿನ್ನುವ ವಸ್ತುವನ್ನು ಒಳಗಿಟ್ಟರೆ ಇರುವೆ ಮತ್ತು ನುಸಿ ಬರುವುದನ್ನು ಕಂಡು ನಾನು ಅದರ ಬದಲಿಗೆ ಉಡಿ ತುಂಬಿದ ಖಣದ ಒಂದು ಚೂರನ್ನು ಇಡುತ್ತ ಬಂದಿದ್ದೇನೆ. ಪದ್ಧತಿ ಉಳಿಯಿತು, ಬಟ್ಟೆಯೂ ಉಳಿಯಿತು.

ಕೂಸಿನ ಕೌದಿಗೆ ಎರಡು ಮೂರು ಪದರ ಸಾಕು, ಗುಂಡಿ, ಜರಿ, ಕನ್ನಡಿಗಳು ಅದರಲ್ಲಿ ಇರಬಾರದು. ಅದನ್ನು ತೊಟ್ಟಿಲಿನಲ್ಲಿ ಬಿಗಿಯಾಗಿ, ಸುಕ್ಕಿಲ್ಲದಂತೆ ಕೆಳಗೆ ಹಾಸಬೇಕು. ಹೊದಿಸಿದರೆ ಕೂಸಿನ ಮುಖದ ಮೇಲೆ ಸರಿದು ಉಸಿರು ಕಟ್ಟುವ ಭಯವಿರುವುದರಿಂದ ಮೊದಲ ವರ್ಷ ಹೊದಿಸುವ ಕೆಲಸಕ್ಕೆ ಕೌದಿ ಬೇಡ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕುವ ರೂಢಿಯಿದ್ದವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಆ ಗುಳಿಗೆಯ ವಾಸನೆ ಹಿಡಿದ ಬಟ್ಟೆಯಲ್ಲಿ ಮಲಗಿಸಿದರೆ, ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಬಗೆಯ ಕೊರತೆಯಿರುವ ಹಸುಗೂಸುಗಳಲ್ಲಿ ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಯಾವ ಕೂಸಿಗೆ ಆ ಕೊರತೆಯಿದೆಯೆಂದು ಮೇಲುನೋಟಕ್ಕೆ ತಿಳಿಯುವುದಿಲ್ಲವಾದ್ದರಿಂದ ಕೂಸಿನ ಬಟ್ಟೆಯ ಹತ್ತಿರ ಆ ಗುಳಿಗೆಯನ್ನು ಸುಳಿಯಗೊಡಬೇಡಿ.

ಕೌದಿಯನ್ನು ಪದೇ ಪದೇ ಒಗೆಯಬೇಕಿಲ್ಲ. ತಿಂಗಳಿಗೊಮ್ಮೆ ಎರಡೂ ಮಗ್ಗುಲು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಧೂಳು ಹೋಗುತ್ತದೆ. ಮಹಾನವಮಿಗೆ ಮೊದಲು ಮನೆಯ ಹಾಸಿಗೆಯನ್ನೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಹೊಳೆಗೆ ಹೋಗಿ, ಸವಳು ಮಣ್ಣು ಹಚ್ಚಿ ತುಳಿದು, ಬಂಡೆಗಳ ಮೇಲೆ ಒಣಹಾಕಿ, ಬುತ್ತಿ ಬಿಚ್ಚಿ ಉಂಡು ಸಂಜೆಗೆ ಮರಳುತ್ತಿದ್ದ ದಿನಗಳು ಹೋದವು. ಆದರೂ ವರ್ಷಕ್ಕೊಮ್ಮೆ ಅದೇ ಹೊತ್ತಿಗೆ ಒಗೆಯುವ ರೂಢಿಯನ್ನು ಬಿಟ್ಟಿಲ್ಲ. ನೆನೆದ ಕೌದಿ ಬಹಳ ಭಾರವಾಗುತ್ತದೆ, ಯಂತ್ರದಲ್ಲಿ ತಿರುಗಿಸಿದರೆ ಹಳೆಯ ದಾರಗಳು ಹರಿಯುತ್ತವೆ. ದೊಡ್ಡ ತೊಟ್ಟಿಯಲ್ಲಿ ನೆನೆಸಿ, ಕಾಲಿನಿಂದ ತುಳಿದು, ಇಬ್ಬರು ಎರಡು ಕಡೆ ಹಿಡಿದು ನೀರು ಇಳಿಸಿ, ತಂತಿಗೆ ಜೋತುಹಾಕದೆ ಮಾಳಿಗೆಯ ಮೇಲೆ ಅಡ್ಡಲಾಗಿ ಹಾಸಿ ಒಣಗಿಸಿ. ಹರಿದಲ್ಲಿ ಕೂಡಲೇ ಒಂದು ತೇಪೆ ಹಾಕಿ.

ಈಗ ಮನೆಮಂದಿ ಬೇರೆ ಬೇರೆ ಊರುಗಳಲ್ಲಿರುವುದರಿಂದ ಯಾವ ಚೂರು ಯಾರದೆಂದು ಬಾಯಿಮಾತಿನಲ್ಲಿ ಉಳಿಯುವುದು ಕಷ್ಟ. ಅದಕ್ಕೆ ನಾನು ಬಿಳಿಯ ಬಟ್ಟೆಯ ಒಂದು ಪಟ್ಟಿಯ ಮೇಲೆ ಹೆಸರು, ನಂಟು, ಹೊಲಿದ ವರ್ಷಗಳನ್ನು ನೀರಿಗೆ ಅಳಿಯದ ಶಾಯಿಯಿಂದ ಬರೆದು ಕೌದಿಯ ಹಿಂಬದಿಯ ಮೂಲೆಗೆ ಹೊಲಿಯುತ್ತೇನೆ. ಮುಳುಗಿದ ಆ ಊರಿನ ಹೆಸರು ಹೀಗೆ ಐದು ಕೌದಿಗಳ ಬೆನ್ನ ಮೇಲಿದೆ.

ಆ ಹಾವಿನಂಥ ಸಾಲು ಹಾಕಿದ ಮೊಮ್ಮಗಳು ಈಗ ಆರು ತಿಂಗಳ ಬಸುರಿ. ಮುಂದಿನ ತಿಂಗಳು ಸೀಮಂತದ ಕುಬುಸಕ್ಕೆ ಬರುತ್ತಾಳೆ. ಕೌದಿಗೆಂದು ಎತ್ತಿಟ್ಟಿದ್ದ ನಮ್ಮ ಅತ್ತೆಯವರ ಕೊನೆಯ ಸೀರೆಯಿಂದ ತೊಟ್ಟಿಲಿನ ಕೌದಿ ಹೊಲಿದು ಮುಗಿಸಿದ್ದೇನೆ. ಹೊಟ್ಟೆ ತುಂಬಿಸುವ ಬಾಯಿಯಷ್ಟನ್ನು ಹೊಲಿಯದೆ ಬಿಟ್ಟು, ದಾರ ಪೋಣಿಸಿದ ಸೂಜಿಯನ್ನು ಅಲ್ಲಿಯೇ ಸಿಕ್ಕಿಸಿ, ಚಂದ್ರಕಾಳಿಯ ಚೂರನ್ನು ಪಕ್ಕದಲ್ಲಿ ಮಡಚಿಟ್ಟಿದ್ದೇನೆ.